ರಷ್ಯಾ ಅಂತರ್ಯುದ್ಧದ ನೋಟುಗಳು: ಮುಖಬೆಲೆ ನೋಡುವ ಮೊದಲು ಹೊರಡಿಸಿದವರು ಯಾರೆಂದು ಓದಿ

ಓದುಗರ ಪ್ರಶ್ನೆ: ಬೆಂಗಳೂರಿನ ನಾಣ್ಯ ಪ್ರದರ್ಶನವೊಂದರಲ್ಲಿ ರಷ್ಯಾ ಕ್ರಾಂತಿ ಕಾಲದ ನಾಲ್ಕು ನೋಟು ಕೊಂಡೆ. ಒಂದು, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪವೇ ದೊಡ್ಡದಾದ 40 ರೂಬಲ್. ಅದರಲ್ಲಿ ನಂಬರೂ ಇಲ್ಲ, ಸಹಿಯೂ ಇಲ್ಲ, ಅಂಚು ವಕ್ರ. ಎರಡನೆಯದು 1917ರ 250 ರೂಬಲ್, ಹಿನ್ನೆಲೆಯಲ್ಲಿ ಸ್ವಸ್ತಿಕ. ಮೂರನೆಯದು 1919ರ 1000 ರೂಬಲ್, ದೊಡ್ಡ ಘಂಟೆಯ ಚಿತ್ರ. ನಾಲ್ಕನೆಯದು ಗೇಣಿಗಿಂತ ಉದ್ದದ, ರಾಣಿಯ ಚಿತ್ರವಿರುವ 100 ರೂಬಲ್. ಈಗ ಅದೇ ವ್ಯಾಪಾರಿ ಖೊರೆಜ್ಮ್‌ನ ರೇಷ್ಮೆ ನೋಟು ಎಂದು ಒಂದನ್ನು ತೋರಿಸಿ ಹದಿನೈದು ಸಾವಿರ ಕೇಳುತ್ತಿದ್ದಾರೆ. ನನ್ನ ಹತ್ತಿರ ಇರುವವು ಅಸಲಿಯೇ? ರೇಷ್ಮೆಯದನ್ನು ಕೊಳ್ಳಬಹುದೇ? ಈ ಸಂಗ್ರಹವನ್ನು ಮುಂದುವರಿಸುವ ಸರಿಯಾದ ದಾರಿ ಯಾವುದು?

ಉತ್ತರ:

ನೀವು ಬರೆದ ವಿವರ ನೋಡಿದರೆ ನಾಲ್ಕೂ ನೋಟು ಒಂದೇ ದೇಶದವು ನಿಜ, ಆದರೆ ಒಂದೇ ಸರ್ಕಾರದವಲ್ಲ. ರಾಣಿಯ ಚಿತ್ರದ್ದು ಚಕ್ರಾಧಿಪತ್ಯದ ನೋಟು. 40 ಮತ್ತು 250 ರೂಬಲ್‌ನವು ಚಕ್ರವರ್ತಿ ಇಳಿದ ಮೇಲೆ ಬಂದ 1917ರ ತಾತ್ಕಾಲಿಕ ಸರ್ಕಾರದವು. ಘಂಟೆಯದು ಬೊಲ್ಶೆವಿಕರ, ಅಂದರೆ ಲೆನಿನ್ ಮುಂದಾಳತ್ವದ ಕಮ್ಯುನಿಸ್ಟರ ವಿರುದ್ಧ ಕಾದಾಡುತ್ತಿದ್ದ ದಕ್ಷಿಣದ ಸೈನ್ಯದ್ದು. ಈ ಕಾಲದ ನೋಟು ಕೂಡಿಸುವವರು ಮೊದಲು ಕಲಿಯಬೇಕಾದ ಪಾಠವೇ ಇದು: ಅಂಕಿ ನೋಡಬೇಡಿ, ಚಿತ್ರ ನೋಡಬೇಡಿ, ಮೇಲಿನ ಸಾಲು ಓದಿ. ಯಾವ ಊರು ಯಾರ ಕೈಯಲ್ಲಿತ್ತೋ ಅವರು ಅಲ್ಲಿ ನೋಟು ಹೊಡೆದರು. ಆ ಸಾಲನ್ನು ಓದಲು ಬಾರದವರಿಗೆ ಹತ್ತು ರೂಪಾಯಿಯ ನೋಟು ಯಾವುದು, ಹತ್ತು ಸಾವಿರದ್ದು ಯಾವುದು ಎಂಬುದು ಎಂದೂ ತಿಳಿಯುವುದಿಲ್ಲ.

ಹೀಗಾದದ್ದು ಯಾಕೆ ಎಂಬುದನ್ನು ಚಿಕ್ಕದಾಗಿ ಹೇಳಿಬಿಡೋಣ. 1914ರಲ್ಲಿ ಯುದ್ಧ ಶುರುವಾದಾಗ ನೋಟಿಗೆ ಚಿನ್ನ ಕೊಡುವುದನ್ನು ರಷ್ಯಾ ನಿಲ್ಲಿಸಿತು. ಜನ ಚಿನ್ನ, ಬೆಳ್ಳಿ, ಕೊನೆಗೆ ತಾಮ್ರದ ಕಾಸನ್ನೂ ಬಚ್ಚಿಟ್ಟರು. ಚಿಲ್ಲರೆಗೆ ಗತಿಯಿಲ್ಲದೆ 1915ರಲ್ಲಿ ಅಂಚೆಚೀಟಿಯ ಅಚ್ಚನ್ನೇ ದಪ್ಪ ರಟ್ಟುಕಾಗದದ ಮೇಲೆ ಹೊಡೆದು, ಹಿಂದೆ ‘ಬೆಳ್ಳಿ ಚಿಲ್ಲರೆಗೆ ಸಮ’ ಎಂದು ಬರೆದು ಚಲಾವಣೆಗೆ ಬಿಟ್ಟರು. 1917ರ ನವೆಂಬರ್‌ನಲ್ಲಿ ಬೊಲ್ಶೆವಿಕರು ಅಧಿಕಾರ ಹಿಡಿದ ಮೇಲೆ ಅಂದಿನ ರಾಜಧಾನಿ ಪೆತ್ರೋಗ್ರಾದಿನ ಸರ್ಕಾರಿ ಮುದ್ರಣಾಲಯ ಅವರ ಪಾಲಾಯಿತು. ಅಲ್ಲಿಂದ ನಗದು ಬರುವುದು ನಿಂತ ಪ್ರಾಂತಗಳ ಬ್ಯಾಂಕ್ ಶಾಖೆಗಳು, ನಗರಸಭೆಗಳು, ಸೈನ್ಯಗಳು, ರೈಲ್ವೆಗಳು, ಸಹಕಾರಿ ಸಂಘಗಳು ತಮ್ಮ ತಮ್ಮ ನೋಟನ್ನು ತಾವೇ ಮಾಡಿಕೊಂಡವು. ಅಮುರ್ ನದಿಯ ಬಾಯಲ್ಲಿದ್ದ ನಿಕೊಲಾಯೆವ್‌ಸ್ಕ್‌ನಲ್ಲಿ ಶಿಮಾದಾ ಎಂಬ ಜಪಾನಿ ವರ್ತಕನ ಅಂಗಡಿಯೂ 1919ರಲ್ಲಿ ತನ್ನದೇ ನೋಟು ಹೊರಡಿಸಿತ್ತು.

ಇನ್ನು ನಿಮ್ಮ ನೋಟುಗಳಿಗೆ ಬರೋಣ.

40 ರೂಬಲ್‌ನ ಚಿಕ್ಕ ನೋಟಿಗೆ ನಂಬರು, ಸಹಿ, ವರ್ಷ ಯಾವುದೂ ಇಲ್ಲದಿರುವುದೇ ಸರಿ. ಪ್ರಧಾನಿ ಕೆರೆನ್ಸ್ಕಿಯ ಹೆಸರಿನಿಂದ ಜನ ಇದನ್ನು ‘ಕೆರೆನ್ಕಿ’ ಎಂದು ಕರೆದರು. ಹೊಸ ವಿನ್ಯಾಸ ಮಾಡಲು ಸಮಯವಿರಲಿಲ್ಲ. ರಾಯಭಾರ ಕಚೇರಿಗಳ ಶುಲ್ಕಚೀಟಿಯ ವಿನ್ಯಾಸವನ್ನೇ ಎತ್ತಿಕೊಂಡು 20 ಮತ್ತು 40 ರೂಬಲ್‌ನ ನೋಟು ಮಾಡಿದರು. ಒಂದು ಹಾಳೆಯಲ್ಲಿ 40 ನೋಟು. ಬ್ಯಾಂಕಿನಿಂದ ಹಾಳೆ ಹಾಳೆಯಾಗಿಯೇ ಹೊರಬರುತ್ತಿತ್ತು, ಬೇಕಾದಷ್ಟನ್ನು ಜನ ಕತ್ತರಿಯಿಂದ ಕತ್ತರಿಸಿ ಕೊಡುತ್ತಿದ್ದರು. ಆದ್ದರಿಂದ ವಕ್ರ ಅಂಚು ದೋಷವಲ್ಲ. ದಯವಿಟ್ಟು ಅದನ್ನು ನೇರ ಮಾಡಲು ಹೋಗಬೇಡಿ, ನಾಲ್ಕೂ ಬದಿಯ ಅಚ್ಚಿನ ಗೆರೆ ಉಳಿದಿದ್ದರೆ ಅದೇ ದೊಡ್ಡದು. ಇದರಲ್ಲಿ ನೋಡಬೇಕಾದದ್ದು ಬೇರೆ. ನಕಲು ಮಾಡಲು ಇಷ್ಟು ಸುಲಭದ ನೋಟನ್ನು ಆ ಕಾಲದಲ್ಲೇ ಧಾರಾಳವಾಗಿ ನಕಲು ಮಾಡಿದರು. ಭೂತಗನ್ನಡಿಯಲ್ಲಿ ಹಿನ್ನೆಲೆಯ ಜಾಲರಿ ಗೆರೆಗಳನ್ನು ನೋಡಿ. ಅಸಲಿಯಲ್ಲಿ ಗೆರೆ ತೆಳು, ಒಂದಕ್ಕೊಂದು ತಗಲದೆ ಹರಿಯುತ್ತದೆ. ಆ ಕಾಲದ ಖೋಟಾದಲ್ಲಿ ಗೆರೆಗಳು ದಪ್ಪವಾಗಿ ಅಲ್ಲಲ್ಲಿ ಅಂಟಿಕೊಂಡು ಮಸಿ ಕಟ್ಟಿರುತ್ತದೆ. ಬೆಳಕಿಗೆ ಹಿಡಿದರೆ ಜಲಚಿಹ್ನೆಯ (ವಾಟರ್‌ಮಾರ್ಕ್) ವಿನ್ಯಾಸ ಕಾಗದದ ಒಳಗಿನಿಂದ ಬಂದಂತೆ ಕಾಣಬೇಕು. ಆ ಕಾಲದ ಖೋಟಾ ಎಂದು ಖಚಿತವಾದರೂ ಎಸೆಯಬೇಡಿ. ಅದೂ ಇತಿಹಾಸವೇ. ಅಸಲಿಯ ಪಕ್ಕದಲ್ಲಿ, ಹೆಸರು ಬರೆದು ಇಡಿ.

250 ರೂಬಲ್‌ನದು ‘ದೂಮ್ಕಿ’ ಎಂಬ ಜೋಡಿಯ ಚಿಕ್ಕ ನೋಟು. ಇದರ ಜೊತೆಗಾರ 1000 ರೂಬಲ್‌ನ ಬೆನ್ನಿಗೆ ದೂಮಾ, ಅಂದರೆ ಸಂಸತ್ತು, ಸೇರುತ್ತಿದ್ದ ತವ್ರೀಚೆಸ್ಕಿ ಅರಮನೆಯ ಚಿತ್ರವಿದೆ. ಕೆಲವು ವ್ಯಾಪಾರಿಗಳು ಸ್ವಸ್ತಿಕ ತೋರಿಸಿ ನಾಜಿಗಳ ಹೆಸರು ಹೇಳಿ ಬೆಲೆ ಏರಿಸುತ್ತಾರೆ. ನಂಬಬೇಡಿ. 1917ರ ರಷ್ಯಾದಲ್ಲಿ ಅದು ನಮ್ಮ ಮನೆಬಾಗಿಲಿನ ಸ್ವಸ್ತಿಕದಂತೆ ಶುಭಸೂಚಕ ಅಲಂಕಾರ. ಜರ್ಮನಿಯ ಆ ಪಕ್ಷ ಹುಟ್ಟುವ ಮೊದಲೇ ಈ ನೋಟು ಅಚ್ಚಾಗಿತ್ತು. ಅದಕ್ಕಿಂತ ಗಮನಿಸಬೇಕಾದದ್ದು ಎರಡು ತಲೆಯ ಹದ್ದು. ಚಕ್ರವರ್ತಿ ಪದತ್ಯಾಗ ಮಾಡಿದ್ದರಿಂದ ಕಲಾವಿದ ಇವಾನ್ ಬಿಲಿಬಿನ್ ಬಿಡಿಸಿದ ಹೊಸ ಲಾಂಛನದ ಹದ್ದಿಗೆ ಕಿರೀಟವಿಲ್ಲ, ರಾಜದಂಡವಿಲ್ಲ. ಹದ್ದಿನ ತಲೆಯ ಮೇಲೆ ಕಿರೀಟ ಇದೆಯೇ ಇಲ್ಲವೇ ಎಂಬುದೊಂದೇ ನೋಟಿನ ಹಿಂದಿರುವ ರಾಜಕೀಯವನ್ನು ಅರ್ಧ ಹೇಳಿಬಿಡುತ್ತದೆ. ಇದು ಹೇರಳವಾಗಿ ಸಿಗುವ ನೋಟು. ಮಡಿಕೆಯಿಲ್ಲದ ಪ್ರತಿಗೆ ಮಾತ್ರ ಹೆಚ್ಚು ಕೊಡಿ.

ರಾಣಿಯ 100 ರೂಬಲ್ 1910ರದ್ದು, ಎರಡನೇ ಕ್ಯಾಥರೀನ್. ಇದನ್ನು ಒಂದು ಸಂಜೆ ಬಿಡುವು ಮಾಡಿಕೊಂಡು ನೋಡಿ. ಖಾಲಿ ಬಿಟ್ಟ ಜಾಗವನ್ನು ಕಿಟಕಿಗೆ ಹಿಡಿದರೆ ಕ್ಯಾಥರೀನಳ ಮುಖ ನೆರಳು-ಬೆಳಕಿನಲ್ಲಿ ಮೂಡುತ್ತದೆ, ಕೆನ್ನೆಯ ಉಬ್ಬು ಕೂಡ ಕಾಣುತ್ತದೆ. ಖೋಟಾದಲ್ಲಿ ಈ ಮುಖವನ್ನು ಎಣ್ಣೆಮಸಿಯಿಂದ ಒತ್ತಿರುತ್ತಾರೆ. ಅದು ಚಪ್ಪಟೆ, ಓರೆ ಬೆಳಕಿನಲ್ಲಿ ಜಿಡ್ಡಿನ ಕಲೆಯಂತೆ ಹೊಳೆಯುತ್ತದೆ. ನೋಟಿನ ಮೇಲೆ, ಒಂದು ರೂಬಲ್‌ಗೆ 17.424 ದೋಲ್ಯಾ ಶುದ್ಧ ಚಿನ್ನ ಎಂಬ ಒಕ್ಕಣೆ ಇದೆ. ನಮ್ಮ ಲೆಕ್ಕದಲ್ಲಿ 0.774 ಗ್ರಾಂ. ನೂರು ರೂಬಲ್ ಎಂದರೆ 77 ಗ್ರಾಂ ದಾಟಿದ ಚಿನ್ನದ ಮಾತು ಕೊಟ್ಟ ಕಾಗದ ಇದು. ಅದನ್ನು ನಂಬಿ ಪೆಟ್ಟಿಗೆಯಲ್ಲಿಟ್ಟುಕೊಂಡ ಜನ ಎಷ್ಟಿದ್ದರೆಂದರೆ, ಇಂದಿಗೂ ಇದು ಕಂತೆ ಕಂತೆಯಾಗಿ ಸಿಗುತ್ತದೆ. ಚಿನ್ನ ಸಿಗಲಿಲ್ಲ. 1922ರಲ್ಲಿ ಹತ್ತು ಸಾವಿರ ಹಳೆ ರೂಬಲ್‌ಗೆ ಒಂದು ಹೊಸದು, 1923ರಲ್ಲಿ ಅಂಥ ನೂರಕ್ಕೆ ಒಂದು, 1924ರಲ್ಲಿ ಆ ಐವತ್ತು ಸಾವಿರಕ್ಕೆ ಒಂದು ಚಿನ್ನದ ರೂಬಲ್. ಗುಣಿಸಿದರೆ 5000 ಕೋಟಿ ಹಳೆ ರೂಬಲ್‌ಗೆ ಒಂದು.

ಒಂದು ವಿಷಯ ನೆನಪಿರಲಿ: ನೋಟಿನ ಮೇಲಿನ ವರ್ಷ ಅಚ್ಚಾದ ವರ್ಷವಲ್ಲ. ಬ್ಯಾಂಕಿನ ವ್ಯವಸ್ಥಾಪಕನ ಸಹಿ ಕೋನ್ಶಿನ್ ಎಂದಿದ್ದರೆ ನಿಮ್ಮ ನೋಟು ಹಳೆಯ ಅಚ್ಚು. ಶಿಪೋವ್ ಎಂದಿದ್ದರೆ ನಂತರದ್ದು, ಚಕ್ರವರ್ತಿ ಹೋದ ಮೇಲೂ ಅದೇ ಅಚ್ಚಿನಿಂದ ಹೊಡೆದದ್ದಿರಬಹುದು. 1909ರ 5 ರೂಬಲ್‌ನಲ್ಲಿ ಇದು ಕಣ್ಣಿಗೇ ಕಾಣುತ್ತದೆ: ಸರಣಿ ರಷ್ಯನ್ನಿನ ‘ಉ’ ಮತ್ತು ‘ಬ’ ಅಕ್ಷರಗಳಿಂದ ಶುರುವಾದರೆ ಅದು ಬೊಲ್ಶೆವಿಕರ ಕಾಲದ ಅಚ್ಚು, ಚಕ್ರಾಧಿಪತ್ಯದ ಹದ್ದು ಮಾತ್ರ ಹಾಗೆಯೇ ಇದೆ.

ಘಂಟೆಯದು ನಿಮ್ಮ ಸಂಗ್ರಹದ ನಿಜವಾದ ಪ್ರಾಂತೀಯ ನೋಟು. ಮೇಲಿನ ಸಾಲು ‘ದಕ್ಷಿಣ ರಷ್ಯಾದ ಸಶಸ್ತ್ರ ಪಡೆಗಳ ಮುಖ್ಯ ದಂಡನಾಯಕತ್ವ’ ಎನ್ನುತ್ತದೆ, ಅಂದರೆ ಜನರಲ್ ದೆನಿಕಿನ್ ಆಡಳಿತ. ಚಿತ್ರ ಮಾಸ್ಕೋ ಕ್ರೆಮ್ಲಿನ್‌ನ ತ್ಸಾರ್ ಘಂಟೆ. ಮಾಸ್ಕೋ ಅವರ ಕೈಯಲ್ಲಿರಲಿಲ್ಲ, ಅವರ ಗುರಿಯಾಗಿತ್ತು. ನೋಟಿನ ಮೇಲೆ ಅದನ್ನು ಹಾಕಿದ್ದು ಅದಕ್ಕೇ. ಜನ ಇದಕ್ಕೆ ಇಟ್ಟ ಹೆಸರು ‘ಕೊಲೊಕೋಲ್ಚಿಕಿ’, ಪುಟ್ಟ ಗಂಟೆಗಳು. 1920ರ ಮಾರ್ಚ್‌ನಲ್ಲಿ ನೊವೊರೊಸ್ಸಿಸ್ಕ್ ಬಂದರು ಕೈತಪ್ಪಿದಾಗ ಓಡಿದವರ ಜೊತೆ ಈ ಕಾಗದವೂ ಜಗತ್ತೆಲ್ಲ ಹರಡಿತು. ದಕ್ಷಿಣದ ನೋಟುಗಳಲ್ಲಿ ಒಂದೇ ಅಚ್ಚು ಬೇರೆ ಬೇರೆ ಜಲಚಿಹ್ನೆಯ ಕಾಗದದ ಮೇಲೆ ಸಿಗುತ್ತದೆ, ಏಕೆಂದರೆ ಸಿಕ್ಕ ಕಾಗದಕ್ಕೆ ಅಚ್ಚು ಒತ್ತಿದರು. ಹೀಗಾಗಿ ನಿಮ್ಮ ನೋಟನ್ನು ಬೆಳಕಿಗೆ ಹಿಡಿದು ಜಲಚಿಹ್ನೆಯ ಆಕಾರ ಬರೆದಿಟ್ಟುಕೊಳ್ಳಿ. ಚಿತ್ರ ಒಂದೇ ಆದರೂ ಕ್ಯಾಟಲಾಗಿನಲ್ಲಿ ಬೇರೆ ಸಂಖ್ಯೆ, ಕೆಲವೊಮ್ಮೆ ಬೇರೆ ಬೆಲೆ ಆಗಬಹುದು.

ಈಗ ರೇಷ್ಮೆ ನೋಟು. ನಿಮ್ಮ ಪ್ರಶ್ನೆಯ ದುಬಾರಿ ಭಾಗ ಇದೇ.

ಇಂದಿನ ಉಜ್ಬೆಕಿಸ್ತಾನದ ಖೀವಾದಲ್ಲಿ 1918ರ ಹೊತ್ತಿಗೆ ಕಾಗದ ಸಿಗುತ್ತಿರಲಿಲ್ಲ, ರೇಷ್ಮೆ ಇತ್ತು. ಅಲ್ಲಿನ ಅರಸ ಖಾನನ ಆಡಳಿತ ತೆಂಗಾ ಎಂಬ ಸ್ಥಳೀಯ ಹಣದ ಲೆಕ್ಕದಲ್ಲಿ ರೇಷ್ಮೆ ಬಟ್ಟೆಯ ಮೇಲೆ ನೋಟು ಒತ್ತಿತು. 1920ರಲ್ಲಿ ಖಾನ್ ಬಿದ್ದು ಖೊರೆಜ್ಮ್ ಜನತಾ ಸೋವಿಯತ್ ಗಣರಾಜ್ಯ ಬಂದಾಗ ರೇಷ್ಮೆ ನೋಟನ್ನೇ ರೂಬಲ್ ಲೆಕ್ಕದಲ್ಲಿ ಮುಂದುವರಿಸಿದರು. ಮರದ ಅಚ್ಚು, ಕೈಯಿಂದ ಒತ್ತಿದ್ದು, ಒಂದೊಂದು ಬಣ್ಣಕ್ಕೆ ಒಂದೊಂದು ಅಚ್ಚು. ಮಾಸಿದರೆ ಒಗೆಯಬಹುದಿತ್ತು, ಚಲಾವಣೆ ನಿಂತ ಮೇಲೆ ಹೆಂಗಸರು ಕೌದಿಗೆ ಹೊಲಿದುಕೊಂಡರು. ಹೀಗೆ ಹೊಲಿದು ಬಿಚ್ಚಿದ ನೋಟಿನ ಅಂಚಿನಲ್ಲಿ ಸೂಜಿ ತೂತಿನ ಸಾಲು ಇರುತ್ತದೆ. ಅದು ಬೆಲೆ ಇಳಿಸುತ್ತದೆ, ಆದರೆ ಅಸಲಿತನಕ್ಕೆ ಒಳ್ಳೆಯ ಸಾಕ್ಷಿ.

ಪರೀಕ್ಷೆಗೆ ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ, 365 ನ್ಯಾನೋಮೀಟರ್‌ನ ನೇರಳಾತೀತ ಟಾರ್ಚು, ಮಿಲಿಮೀಟರ್ ಅಳತೆಪಟ್ಟಿ ಸಾಕು. ಮೊದಲು ನೇಯ್ಗೆ. ಕೈಮಗ್ಗದ ರೇಷ್ಮೆಯಲ್ಲಿ ಎಳೆಯ ದಪ್ಪ ಒಂದೇ ಸಮ ಇರುವುದಿಲ್ಲ, ಹಾಸು ಹೊಕ್ಕುಗಳ ನಡುವಿನ ಸಂದು ಹೆಚ್ಚುಕಡಿಮೆ ಆಗುತ್ತದೆ, ಅಲ್ಲಲ್ಲಿ ಗಂಟು. ಯಂತ್ರದ ಬಟ್ಟೆಯಲ್ಲಿ ಜಾಲರಿ ಗೀಟುಪಟ್ಟಿ ಇಟ್ಟು ಎಳೆದಂತೆ ಸಮ. ಕೈಮಗ್ಗದ ಕೆಲಸ ಬಲ್ಲ ನೇಕಾರರು, ರೇಷ್ಮೆ ವ್ಯಾಪಾರದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ನೋಟಿನ ಬಗ್ಗೆ ಏನೂ ತಿಳಿಯದ ಅಂಥವರೊಬ್ಬರ ಕೈಗೆ ಕೊಟ್ಟು ‘ಇದು ಯಾವ ಬಟ್ಟೆ?’ ಎಂದು ಮಾತ್ರ ಕೇಳಿ. ಒಂದು ಎಳೆ ಕಿತ್ತು ಸುಟ್ಟು ನೋಡುವ ಪರೀಕ್ಷೆ ಬೇಡವೇ ಬೇಡ, ವ್ಯಾಪಾರಿ ಒಪ್ಪಿದರೂ ಬೇಡ.

ಆಮೇಲೆ ಅಚ್ಚು. ಮರದ ಅಚ್ಚು ಒತ್ತಿದಾಗ ಬಣ್ಣ ಅಂಚಿನಲ್ಲಿ ದಟ್ಟವಾಗಿ, ನಡುವೆ ತೆಳುವಾಗಿ ನಿಲ್ಲುತ್ತದೆ. ಎಳೆಯ ಉಬ್ಬಿಗೆ ಹತ್ತಿ, ಸಂದಿಗೆ ಇಳಿಯದೆ ಉಳಿಯುತ್ತದೆ. ಎರಡನೇ ಬಣ್ಣ ಮೊದಲನೆಯದರ ಮೇಲೆ ಸರಿಯಾಗಿ ಕೂರದೆ ಒಂದೆರಡು ಮಿಲಿಮೀಟರ್ ಸರಿದಿರುವುದು ಸಾಮಾನ್ಯ. ಭೂತಗನ್ನಡಿಯಲ್ಲಿ ನೀಲಿ, ಕೆಂಪು, ಹಳದಿ ಚುಕ್ಕೆಗಳ ಹುಡಿ ಕಂಡರೆ ಮಾತು ಮುಗಿಯಿತು, ಅದು ಕಂಪ್ಯೂಟರ್ ಪ್ರಿಂಟರಿನ ಕೆಲಸ. ಬಣ್ಣಗಳೆಲ್ಲ ಕೂದಲೆಳೆಯಷ್ಟೂ ಸರಿಯದೆ ಕೂತಿದ್ದರೂ ಅನುಮಾನಿಸಿ. ಇನ್ನೊಂದು ಉಪಾಯ: ವ್ಯಾಪಾರಿಯ ಹತ್ತಿರ ಅದೇ ಮುಖಬೆಲೆಯ ಎರಡು ಪ್ರತಿ ಇದ್ದರೆ ಪಕ್ಕ ಪಕ್ಕ ಇಡಿ. ಕೈಯಚ್ಚಿನ ಎರಡು ಪ್ರತಿಗಳಲ್ಲಿ ಬಣ್ಣದ ಸರಿತ ಎಂದೂ ಒಂದೇ ಇರುವುದಿಲ್ಲ. ಒಂದೇ ಜಾಗದಲ್ಲಿ ಒಂದೇ ಕಲೆ ಎರಡರಲ್ಲೂ ಇದ್ದರೆ ಎರಡೂ ಒಂದೇ ಛಾಯಾಚಿತ್ರದ ಮಕ್ಕಳು.

ನೇರಳಾತೀತ ಬೆಳಕಿನ ವಿಷಯದಲ್ಲಿ ಎಚ್ಚರ ಬೇಕು. ಬಟ್ಟೆ, ಕಾಗದಕ್ಕೆ ಹೊಳಪು ಕೊಡುವ ರಾಸಾಯನಿಕ 1940ರ ದಶಕದಿಂದೀಚೆಗೆ ಬಳಕೆಗೆ ಬಂದದ್ದು. ಕತ್ತಲಲ್ಲಿ ಟಾರ್ಚು ಹಿಡಿದಾಗ ತಿಳಿನೀಲಿಯಾಗಿ ಧಗ್ಗೆಂದು ಹೊಳೆಯುವ ಕಾಗದ 1919ರದ್ದಾಗಲು ಸಾಧ್ಯವಿಲ್ಲ. ಆದರೆ ರೇಷ್ಮೆಯ ನೋಟಿಗೆ ಈ ನಿಯಮ ಹಾಗೇ ಅನ್ವಯಿಸಬೇಡಿ. ಅಸಲಿ ನೋಟನ್ನು ಯಾರೋ ಎಂದೋ ಸೋಪಿನ ಪುಡಿಯಲ್ಲಿ ಒಗೆದಿದ್ದರೆ ಅದೂ ಹೊಳೆಯುತ್ತದೆ. ಹಾಗಾಗಿ ಹೊಳೆದರೆ ತಕ್ಷಣ ತಿರಸ್ಕರಿಸದೆ ನೇಯ್ಗೆ, ಅಚ್ಚುಗಳ ಪರೀಕ್ಷೆಗೆ ಹಿಂತಿರುಗಿ. ಹೊಳೆಯದಿದ್ದರೂ ಅಷ್ಟಕ್ಕೇ ನಂಬಬೇಡಿ.

ಕೊನೆಗೆ ವರ್ಷ. ಇದರ ಮೇಲೆ ಹಿಜರಿ ವರ್ಷ ಅರಬ್ಬಿ ಅಂಕಿಯಲ್ಲಿ ಇರುತ್ತದೆ. 1337 ಎಂದರೆ 1918ರ ಅಕ್ಟೋಬರ್‌ನಿಂದ 1919ರ ಸೆಪ್ಟೆಂಬರ್. 1338 ಅದರ ಮುಂದಿನದು. 1339 ಎಂದರೆ 1920ರ ಸೆಪ್ಟೆಂಬರ್‌ನಿಂದ 1921ರ ಸೆಪ್ಟೆಂಬರ್. ವರ್ಷ 1337 ಇದ್ದು ಲೆಕ್ಕ ಗಣರಾಜ್ಯದ ರೂಬಲ್‌ನಲ್ಲಿ ಇದ್ದರೆ ಎಲ್ಲೋ ಎಡವಟ್ಟಾಗಿದೆ. ಉರ್ದು ಅಂಕಿ ಓದಬಲ್ಲವರು ನಿಮ್ಮ ಊರಲ್ಲೇ ಸಿಗುತ್ತಾರೆ, ಐದು ನಿಮಿಷದ ಕೆಲಸ. ನಮ್ಮ ಸಲಹೆ: ವ್ಯಾಪಾರಿ ಲಿಖಿತ ರಸೀದಿ ಕೊಟ್ಟು, ಅದರಲ್ಲಿ ‘ಅಸಲಿಯಲ್ಲದಿದ್ದರೆ ಹಣ ವಾಪಸ್’ ಎಂದು ಬರೆದು, ಪರೀಕ್ಷೆಗೆ ಸಮಯ ಕೊಡುವುದಾದರೆ ಮಾತ್ರ ಹದಿನೈದು ಸಾವಿರದ ಮಾತಾಡಿ. ಕೊಡದಿದ್ದರೆ ಬಿಟ್ಟುಬಿಡಿ. ಇಂಥ ನೋಟು ಮತ್ತೆ ಬಂದೇ ಬರುತ್ತದೆ.

ರೇಷ್ಮೆಗಿಂತ ಹೆಚ್ಚಿಗೆ ಜನ ಮೋಸ ಹೋಗುವುದು ಠಸ್ಸೆಯಲ್ಲಿ. ಅಂತರ್ಯುದ್ಧದಲ್ಲಿ ಹಳೆ ನೋಟಿನ ಮೇಲೆ ಹೊಸ ಆಡಳಿತ ತನ್ನ ಮೊಹರು ಒತ್ತಿಯೋ, ತೂತು ಕೊರೆದೋ ಮತ್ತೆ ಚಲಾವಣೆಗೆ ಬಿಡುವುದು ಮಾಮೂಲಾಗಿತ್ತು. ಉತ್ತರದ ಅರ್ಖಾಂಗೆಲ್ಸ್ಕ್‌ನಲ್ಲಿ ಚಕ್ರಾಧಿಪತ್ಯದ ನೋಟಿಗೆ ಸೂಜಿತೂತುಗಳಿಂದ ನಾಲ್ಕು ಅಕ್ಷರ ಕೊರೆಯುತ್ತಿದ್ದರು: ಗೆ, ಬೆ, ಎಸ್, ಒ, ಉತ್ತರ ಪ್ರಾಂತದ ಸರ್ಕಾರಿ ಬ್ಯಾಂಕ್ ಎಂದು ಅರ್ಥ. ಮೂಲ ನೋಟು ಹೇರಳವಾಗಿ ಅಗ್ಗದಲ್ಲಿ ಸಿಗುತ್ತದೆ, ತೂತು ಅಥವಾ ಮೊಹರು ಇರುವುದು ವಿರಳ. ಹಾಗಾದರೆ ಖೋಟಾ ಮಾಡುವವನು ನೋಟು ಅಚ್ಚುಹಾಕುವ ಕಷ್ಟ ಯಾಕೆ ಪಡುತ್ತಾನೆ? ಅಸಲಿ ನೋಟಿಗೆ ನಕಲಿ ಮೊಹರು ಒತ್ತುತ್ತಾನೆ. ಕಾಗದ, ಜಲಚಿಹ್ನೆ, ಅಚ್ಚು ಎಲ್ಲ ಪರೀಕ್ಷೆಯಲ್ಲೂ ಗೆಲ್ಲುತ್ತದೆ.

ಇದನ್ನು ಹಿಡಿಯುವ ಜಾಗ ಮಡಿಕೆ. ನೋಟಿನ ಮಧ್ಯದ ಮಡಿಕೆ ಗೆರೆಯ ಮೇಲೆ ಮೊಹರು ಹಾದುಹೋಗುವ ಕಡೆ ಭೂತಗನ್ನಡಿ ಇಡಿ. ಮೊಹರು ಮೊದಲು ಬಿದ್ದು ಆಮೇಲೆ ನೋಟು ಕೈಯಿಂದ ಕೈಗೆ ಮಡಿಸಿ ಓಡಾಡಿದ್ದರೆ, ಮಡಿಕೆಯಲ್ಲಿ ಮಸಿ ಸವೆದು ಬಿಳಿ ನಾರು ಕಾಣುತ್ತದೆ. ಮಡಿಕೆ ಮೊದಲು ಇದ್ದು ಮೊಹರು ಆಮೇಲೆ ಬಿದ್ದಿದ್ದರೆ, ಮುರಿದ ನಾರು ಮಸಿ ಹೀರಿಕೊಂಡು ಆ ಗೆರೆಯಲ್ಲಿ ಬಣ್ಣ ಗರಿಗರಿಯಾಗಿ ಹರಡಿರುತ್ತದೆ. ಆದರೆ 1918ರ ಗುಮಾಸ್ತ ಕೂಡ ಆಗಲೇ ಮಡಿಸಿದ್ದ ಹಳೆ ನೋಟಿನ ಮೇಲೇ ಒತ್ತಿರಬಹುದಲ್ಲ? ನಿಜ. ಅದಕ್ಕೆ ಎರಡೂ ಗುರುತು ಬೇಕು: ಮಸಿ ಹರಡಿದ್ದರೂ ಅದರ ಮೇಲೆ ಮತ್ತೆ ಸವೆತ ಕಾಣಬೇಕು. ಮಸಿ ಹರಡಿದೆ, ಆದರೆ ಒಂದಿಷ್ಟೂ ಸವೆದಿಲ್ಲ ಎಂದಾದರೆ ಒತ್ತಿದ ಮೇಲೆ ಆ ನೋಟು ಚಲಾವಣೆಯಾಗಿಲ್ಲ. ತೂತಿನ ವಿಷಯದಲ್ಲಿ ಅಂಚು ನೋಡಿ. ನೂರು ವರ್ಷದ ತೂತಿನ ಅಂಚು ಉಳಿದ ಕಾಗದದಷ್ಟೇ ಮಾಸಿರುತ್ತದೆ, ಹಿಂಬದಿಗೆ ಎದ್ದ ಉಬ್ಬು ಒತ್ತಿ ಚಪ್ಪಟೆಯಾಗಿರುತ್ತದೆ. ಹೊಸ ತೂತಿನ ಅಂಚು ಬೆಳ್ಳಗೆ, ಬೆರಳಾಡಿಸಿದರೆ ತರಿತರಿ.

ಪ್ರವಾಸಿಗರಿಗೆ ಮಾರುವ ಪ್ರತಿಗಳ ಮೂಲೆಯಲ್ಲಿ ಸಣ್ಣದಾಗಿ ‘ಕೋಪಿಯಾ’ ಎಂದು ರಷ್ಯನ್ನಿನಲ್ಲಿ ಇರುವುದುಂಟು. ಅದನ್ನು ಬ್ಲೇಡಿನಿಂದ ಕೆರೆದು ಮಾರುವವರೂ ಇದ್ದಾರೆ. ಓರೆ ಬೆಳಕಿನಲ್ಲಿ ಮೂಲೆಗಳನ್ನು ನೋಡಿ, ಕೆರೆದ ಕಡೆ ಕಾಗದ ಮೊಲದ ತುಪ್ಪಳದಂತೆ ಎದ್ದಿರುತ್ತದೆ.

ಮುಂದುವರಿಸುವ ದಾರಿ ಕೇಳಿದ್ದೀರಿ. ಮೊದಲು ರಷ್ಯನ್ ಅಕ್ಷರಮಾಲೆ ಕಲಿಯಿರಿ, 33 ಅಕ್ಷರ, ಎರಡು ಭಾನುವಾರದ ಕೆಲಸ. ಭಾಷೆ ಬರಬೇಕಾಗಿಲ್ಲ, ‘ಬಿಲೆತ್’ ಎಂದರೆ ನೋಟು, ‘ಜ಼್ನಾಕ್’ ಎಂದರೆ ಚಲಾವಣೆ ಚೀಟಿ, ‘ಒಬ್ಯಾಜ಼ಾತೆಲ್ಸ್ತ್ವೊ’ ಎಂದರೆ ಸಾಲಪತ್ರ, ‘ಒಬ್ಲಾಸ್ತ್’ ಎಂದರೆ ಪ್ರಾಂತ, ‘ಗೊರೊದ್’ ಎಂದರೆ ನಗರ. ಇಷ್ಟು ಗೊತ್ತಿದ್ದರೆ ಮೇಲಿನ ಸಾಲು ಬಾಯಿಬಿಡುತ್ತದೆ. ಜೊತೆಗೆ ಒಂದು ಹಳೆ ಅಕ್ಷರದ ಸುಳಿವು: 1918ರಲ್ಲಿ ಬೊಲ್ಶೆವಿಕರು ಕಾಗುಣಿತ ಸುಧಾರಣೆ ತಂದು, ಪದದ ಕೊನೆಗೆ ಬರುತ್ತಿದ್ದ, ಇಂಗ್ಲಿಷ್‌ನ ಸಣ್ಣ ‘ಬಿ’ಯಂತೆ ಕಾಣುವ ಮೂಕ ಅಕ್ಷರವನ್ನು ಬಿಟ್ಟರು. ಅವರ ವಿರೋಧಿಗಳು ಹಠದಿಂದ ಉಳಿಸಿಕೊಂಡರು. ‘ಬಿಲೆತ್’ ಪದದ ಕೊನೆಗೆ ಆ ಅಕ್ಷರ ಇದ್ದು ವರ್ಷ 1919 ಎಂದಿದ್ದರೆ ಅದು ಬಹುತೇಕ ‘ಬಿಳಿಯರು’ ಎನಿಸಿಕೊಂಡ ಬೊಲ್ಶೆವಿಕ್ ವಿರೋಧಿಗಳ ನೋಟು. 1918ರ ವರ್ಷವಿರುವ ನೋಟಿಗೆ ಮಾತ್ರ ಈ ಸುಳಿವು ಕೈಕೊಡುತ್ತದೆ. ತಾತ್ಕಾಲಿಕ ಸರ್ಕಾರ ಮಾಡಿಸಿಟ್ಟಿದ್ದ ಅಚ್ಚಿನಿಂದಲೇ ಬೊಲ್ಶೆವಿಕರು ಆ ನೋಟು ಹೊಡೆದರು. ಹಳೆ ಕಾಗುಣಿತ, ಎರಡು ತಲೆಯ ಹದ್ದು, ಆದರೆ ಸಹಿ ಬೊಲ್ಶೆವಿಕ್ ಪ್ಯತಕೋವ್‌ನದು.

ಎರಡನೆಯದಾಗಿ ಒಂದು ಪ್ರಾಂತ ಆರಿಸಿಕೊಳ್ಳಿ. ‘ರಷ್ಯಾ ಅಂತರ್ಯುದ್ಧದ ಎಲ್ಲ ನೋಟು’ ಎಂಬುದು ಮುಗಿಯುವ ಸಂಗ್ರಹವಲ್ಲ, ಸಾವಿರಾರು ಬಗೆ ಇವೆ. ಆದರೆ ಒಂದೊಂದು ಪ್ರಾಂತ ಒಂದು ಆಲ್ಬಮ್ಮಿನಲ್ಲಿ ಹಿಡಿಸುತ್ತದೆ, ಒಂದೊಂದಕ್ಕೂ ತನ್ನದೇ ರುಚಿ. ಉತ್ತರದಲ್ಲಿ ಅರ್ಖಾಂಗೆಲ್ಸ್ಕ್‌ನ ‘ಮೊರ್ಜೊವ್ಕಿ’, ವಾಲ್ರಸ್ ಚಿತ್ರದ 25 ರೂಬಲ್. ಜೊತೆಗೆ ಬ್ರಿಟಿಷರ ನೆರವಿನಿಂದ ಒಂದು ಪೌಂಡಿಗೆ 40 ರೂಬಲ್ ದರ ಕಟ್ಟಿ ಇಂಗ್ಲೆಂಡಿನಲ್ಲಿ ಅಚ್ಚುಮಾಡಿಸಿದ ನೋಟುಗಳು. ಉಕ್ರೇನಿನಲ್ಲಿ ಹೆಓರ್ಹಿ ನಾರ್ಬುತ್ ಬಿಡಿಸಿದ 100 ಕರ್ಬೊವನೆತ್ಸ್. ಮುಖಬೆಲೆ ಉಕ್ರೇನಿ, ರಷ್ಯನ್, ಪೋಲಿಷ್, ಯಹೂದಿಗಳ ಯಿದ್ದಿಷ್ ಹೀಗೆ ನಾಲ್ಕು ಭಾಷೆಯಲ್ಲಿ ಇದೆ, ಒಂದು ಹೊಸ ದೇಶ ತನ್ನಲ್ಲಿರುವವರೆಲ್ಲ ಯಾರು ಎಂದು ಮೊದಲ ನೋಟಿನಲ್ಲೇ ಹೇಳಿಕೊಂಡದ್ದು. ಸೈಬೀರಿಯಾದಲ್ಲಿ ಬೊಲ್ಶೆವಿಕ್ ವಿರೋಧಿ ಅಡ್ಮಿರಲ್ ಕೊಲ್ಚಾಕ್ ಆಡಳಿತದ ಓಮ್ಸ್ಕ್ ಸಾಲಪತ್ರಗಳು. ಹಳದಿ ಬಣ್ಣಕ್ಕೆ ಜನ ಕಾಮಾಲೆಯ ಹೆಸರಿಟ್ಟಿದ್ದರು. ಚಿತಾದಲ್ಲಿ ಅತಮಾನ್, ಅಂದರೆ ಕೊಸಾಕ್ ದಳದ ನಾಯಕ, ಸೆಮ್ಯೊನೊವ್‌ನ 500 ರೂಬಲ್. ಹದ್ದು ಪಾರಿವಾಳದಂತೆ ಕಾಣುತ್ತದೆಂದು ಅದು ‘ಗೊಲುಬ್ಕಿ’ ಆಯಿತು, ಅದರ ತಮ್ಮ 100 ರೂಬಲ್ ‘ಗುಬ್ಬಚ್ಚಿ’. ಹೆಸರಿಟ್ಟ ಜನರ ಕಣ್ಣು ಎಷ್ಟು ಚುರುಕು ನೋಡಿ.

ನಮ್ಮನ್ನು ಕೇಳಿದರೆ ಎಲ್ಲಕ್ಕಿಂತ ಸ್ವಾರಸ್ಯದ್ದು ಸೆಮಿರೆಚ್ಯೆ ಪ್ರಾಂತದ್ದು, 1918-19ರಲ್ಲಿ ವೆರ್ನಿ ಊರಿನದು. ಇಂದು ಅದು ಕಜಾಕಿಸ್ತಾನದ ಅಲ್ಮಾಟಿ. ಆ ನೋಟಿನ ಬೆಂಬಲಕ್ಕೆ ಚಿನ್ನವಿಲ್ಲ, ಬೆಳ್ಳಿಯಿಲ್ಲ. ಸರ್ಕಾರಿ ಬ್ಯಾಂಕಿನಲ್ಲಿ ಇಟ್ಟಿರುವ ಅಫೀಮು ಈ ನೋಟಿಗೆ ಆಧಾರ ಎಂದು ಅದರ ಮೇಲೆಯೇ ಅಚ್ಚಾಗಿದೆ. ಆ ಸೀಮೆಯಲ್ಲಿ ಬೆಲೆ ಕಳೆದುಕೊಳ್ಳದೆ ಉಳಿದಿದ್ದ ಸರಕು ಅದೇ ಆಗಿತ್ತು. ಒರಟು ಅಚ್ಚು, ಅಗ್ಗದ ಕಾಗದ, ಆದರೆ ಆ ಒಂದು ಸಾಲಿಗಾಗಿ ಸಂಗ್ರಹಕಾರರು ಇದನ್ನು ಹುಡುಕಿಕೊಂಡು ಹೋಗುತ್ತಾರೆ. ಕೊಳ್ಳುವಾಗ ಆ ಸಾಲು ಅಳಿಸದೆ ಓದುವಂತಿರುವ ಪ್ರತಿಯನ್ನೇ ಆರಿಸಿ.

ಕ್ಯಾಟಲಾಗಿನಲ್ಲಿ ಹುಡುಕುವಾಗ ಒಂದು ಗೊಂದಲ ಎಲ್ಲರಿಗೂ ಆಗುತ್ತದೆ. ಜಗತ್ತಿನ ನೋಟುಗಳಿಗೆ ಬಳಸುವ ಪಿಕ್ ಸಂಖ್ಯೆಯಲ್ಲಿ ದೇಶದ ಸಾಮಾನ್ಯ ನೋಟಿಗೆ ಬರೀ ಅಂಕಿ, ಪ್ರಾಂತ-ಸೈನ್ಯ-ಊರುಗಳ ನೋಟಿಗೆ ಮುಂದೆ ‘ಎಸ್’ ಅಕ್ಷರ. ನಿಮ್ಮ ಕೆರೆನ್ಕಿ, ದೂಮ್ಕಿ, ಕ್ಯಾಥರೀನ್ ಒಂದು ಸಂಪುಟದಲ್ಲಿ, ಘಂಟೆಯದು ಬೇರೆ ಸಂಪುಟದಲ್ಲಿ ಸಿಗುತ್ತದೆ. ಸಾಮಾನ್ಯ ಸಂಪುಟದಲ್ಲಿ ಕಾಣಲಿಲ್ಲ ಎಂದು ‘ಅಪರೂಪದ, ಕ್ಯಾಟಲಾಗಿಗೇ ಸೇರದ ನೋಟು’ ಎಂದು ಮಾರುವವರ ಮಾತಿಗೆ ಮರುಳಾಗಬೇಡಿ.

ದೂರದಿಂದ ಕೊಳ್ಳುವುದಾದರೆ ನಾಲ್ಕು ಫೋಟೋ ಕೇಳಿ: ಮುಂದೆ, ಹಿಂದೆ, ಬೆಳಕಿಗೆ ಹಿಡಿದದ್ದು, ಓರೆ ಬೆಳಕಿನದು. ಕೊನೆಯ ಎರಡನ್ನು ಕೊಡಲು ಹಿಂಜರಿಯುವವರಿಂದ ಕೊಳ್ಳಬೇಡಿ. ಓರೆ ಬೆಳಕಿನಲ್ಲಿ ಇಸ್ತ್ರಿ ಹಾಕಿ ಮುಚ್ಚಿದ ಮಡಿಕೆ, ಒಳಗೆ ಅಂಟಿಸಿದ ತೇಪೆ ಎರಡೂ ಕಾಣುತ್ತವೆ. ತೊಳೆದ, ಇಸ್ತ್ರಿ ಮಾಡಿದ ನೋಟು ನೋಡಲು ಹೊಸದು, ಮುಟ್ಟಿದರೆ ಬಾಳೆಸಿಪ್ಪೆಯಂತೆ ಜೀವವಿಲ್ಲದ್ದು. ದರ್ಜೆ ನೀಡುವ ಸಂಸ್ಥೆಗಳು ಅದಕ್ಕೆ ದರ್ಜೆ ಇಳಿಸುತ್ತವೆ. ನೀವೂ ತೊಳೆಯಬೇಡಿ, ಹಳೆ ಸೆಲೋಟೇಪು ಕೀಳಬೇಡಿ. ಇನ್ನೊಂದು ಮಾತು: ನಮ್ಮ 1972ರ ಪ್ರಾಚೀನ ವಸ್ತುಗಳ ಕಾಯ್ದೆ ನೂರು ವರ್ಷ ದಾಟಿದ ವಸ್ತುಗಳನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವುದಕ್ಕೆ ತಡೆ ಹಾಕುತ್ತದೆ. ಮುಂದೆ ವಿದೇಶಕ್ಕೆ ಮಾರುವ ಅಥವಾ ದರ್ಜೆಗೆ ಕಳಿಸುವ ಯೋಚನೆ ಇದ್ದರೆ ಮೊದಲೇ ಪುರಾತತ್ವ ಇಲಾಖೆಯಲ್ಲಿ ವಿಚಾರಿಸಿ, ಕೊಂಡ ರಸೀದಿಗಳನ್ನು ಜೋಪಾನ ಮಾಡಿ.

ಇಡುವುದು ಹೇಗೆ? ಪಿವಿಸಿ ಹಾಳೆಯ ಅಗ್ಗದ ಆಲ್ಬಮ್ ಬೇಡ. ಕೆಲವೇ ವರ್ಷದಲ್ಲಿ ಅದು ಜಿಡ್ಡು ಬಿಟ್ಟು ಮಸಿಯನ್ನು ಎತ್ತಿಕೊಳ್ಳುತ್ತದೆ. ಪಾಲಿಯೆಸ್ಟರ್ ಹಾಳೆಯ ಚೀಲ ಕೊಳ್ಳಿ, ಲ್ಯಾಮಿನೇಷನ್ ಮಾತ್ರ ಖಂಡಿತ ಮಾಡಿಸಬೇಡಿ. ತೇವಾಂಶ ಶೇ. 45ರಿಂದ 55ರ ನಡುವೆ ಇರಲಿ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಇದು ಸುಲಭವಲ್ಲ: ಗಟ್ಟಿಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಬಣ್ಣ ಬದಲಾದಾಗ ಒಣಗಿಸಿ ಮತ್ತೆ ಹಾಕಿ. ಡಬ್ಬಿಯನ್ನು ಹೊರಗೋಡೆಗೆ ತಾಗಿಸಬೇಡಿ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ತಿಂಗಳಿಗೊಮ್ಮೆ ತೆಗೆದು ಕಂದು ಚುಕ್ಕೆ, ಅಂಚು ಕೊರೆಯುವ ಬೆಳ್ಳಿಹುಳ ಇದೆಯೇ ನೋಡಿ. ನುಸಿಗುಳಿಗೆ ನೋಟಿನ ಜೊತೆ ಇಡಬೇಡಿ, ಅದರ ಆವಿ ಪ್ಲಾಸ್ಟಿಕ್ಕಿಗೂ ಮಸಿಗೂ ಒಳ್ಳೆಯದಲ್ಲ. ರೇಷ್ಮೆ ನೋಟು ಕೊಂಡರೆ ಅದನ್ನು ಚೀಲಕ್ಕೆ ತುರುಕದೆ, ಆಮ್ಲರಹಿತ ಕಾಗದದ ಎರಡು ಹಾಳೆಗಳ ನಡುವೆ ಚಪ್ಪಟೆಯಾಗಿ ಇಡಿ. ಮಡಿಸಿದ ಜಾಗದಲ್ಲಿ ರೇಷ್ಮೆ ಕಾಲಕ್ರಮೇಣ ಬಿರಿಯುತ್ತದೆ. ಕತ್ತರಿಸದ ಕೆರೆನ್ಕಿ ಹಾಳೆ ಮುಂದೆಂದಾದರೂ ಸಿಕ್ಕರೆ ಅದನ್ನೂ ಹೀಗೇ ಇಡಿ.

ಒಂದು ನೋಟ್‌ಬುಕ್ ಮಾಡಿ. ಪ್ರತಿ ನೋಟಿಗೂ ಹೊರಡಿಸಿದವರು, ಊರು, ವರ್ಷ, ಮುಖಬೆಲೆ, ಸರಣಿ-ನಂಬರು, ಸಹಿ, ಜಲಚಿಹ್ನೆ, ಮಿಲಿಮೀಟರಿನಲ್ಲಿ ಅಳತೆ, ಎಲ್ಲಿ ಎಷ್ಟಕ್ಕೆ ಕೊಂಡದ್ದು ಎಂದು ಬರೆಯಿರಿ. ನಿಮ್ಮ ಘಂಟೆಯ ನೋಟು ಒಳ್ಳೆಯ ಆರಂಭ, ದಕ್ಷಿಣವನ್ನೇ ಮುಂದುವರಿಸಿ. ಮುಂದಿನ ಪ್ರದರ್ಶನದಲ್ಲಿ ದೋನ್ ನದಿಯ ರೊಸ್ತೋವ್ ಬ್ಯಾಂಕ್ ಶಾಖೆ ಹೊರಡಿಸಿದ ಎರಡು ನೋಟು ಕೇಳಿ: ಹಳೆಯ ಕೊಸಾಕ್ ನಾಯಕ ಯೆರ್ಮಾಕ್ ಚಿತ್ರದ 100 ರೂಬಲ್, ಅತಮಾನ್ ಪ್ಲಾತೊವ್ ಚಿತ್ರದ 1918ರ 250 ರೂಬಲ್. ಎರಡೂ ಅಗ್ಗ, ಸುಲಭವಾಗಿ ಸಿಗುತ್ತವೆ. ನಿಮ್ಮ 1917ರ 250ರ ಪಕ್ಕದಲ್ಲಿ ಪ್ಲಾತೊವ್‌ನ 250 ಇಟ್ಟು ಎರಡರ ಮೇಲಿನ ಸಾಲನ್ನೂ ಜೋರಾಗಿ ಓದಿ ನೋಡಿ.